ಡೇಲ್‌ಗೊಬ್ಬ ಟಕ್ಕರ್ ಇದ್ದ

ಲೋ ಗೆಳೆಯ,

ರಕ್ತ ಕಂಡರೆ ನಿನಗೆ ಏನಾಗುತ್ತದೆ ಅಂತ ಶಿವಗಂಗೆ ಬೆಟ್ಟದಲ್ಲಿ ಕಣ್ಣಾರೆ ನೋಡಿದ್ದೇನೆ. ಆದರೂ ಈ ಸಿನಿಮಾ ನೀನು ನೋಡಲೇಬೇಕು. ಈ ಪತ್ರ ಓದುತ್ತಿರುವ ಉಳಿದವರೂ ನೋಡಿ.

‘ಟಕ್ಕರ್ ಅಂಡ್ ಡೇಲ್ ವರ್ಸಸ್ ಈವಿಲ್’. 2010ರ ಹಾರರ್ ಕಾಮಿಡಿ. ನಿರ್ದೇಶಕ ಈಲೈ ಕ್ರೇಗ್‌ಗೆ ಇದು ಮೊದಲ ಚಿತ್ರ. ಬಜೆಟ್ ಸುಮಾರು 50 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಕಥೆ ನಡೆಯುವುದು ವೆಸ್ಟ್ ವರ್ಜೀನಿಯಾದ ಅಪಲಾಚಿಯನ್ ಬೆಟ್ಟಗಳಲ್ಲಿ, ಚಿತ್ರೀಕರಣ ನಡೆದದ್ದು ಕೆನಡಾದ ಆಲ್ಬರ್ಟಾದಲ್ಲಿ. ನಿದ್ದೆ ಬರದ ಒಂದು ರಾತ್ರಿ ಸುಮ್ನೆ ಹಾಕಿದೆ. ಸ್ವಲ್ಪ ನೋಡಿ ಮಲಗೋಣ ಅಂತಿದ್ದೆ. ಮಲಗಲಿಲ್ಲ.

ಆ ಕಡೆಯ ಭಯದ ಸಿನಿಮಾಗಳ ಲೆಕ್ಕ ನಿನಗೆ ಗೊತ್ತಲ್ವಾ? ಪಟ್ಟಣದ ಕಾಲೇಜು ಹುಡುಗರು ಕಾಡಿಗೆ ಹೋಗುತ್ತಾರೆ. ಅಲ್ಲಿ ಕೊಳಕು ಬಟ್ಟೆಯ ಹಳ್ಳಿಗನೊಬ್ಬ ಗರಗಸ ಹಿಡಿದು ಕಾಯುತ್ತಿರುತ್ತಾನೆ. ರೆಡ್‌ನೆಕ್, ಹಿಲ್‌ಬಿಲಿ ಅಂತ ಹೀಯಾಳಿಸುವ ಹೆಸರಿಟ್ಟು ದಶಕಗಳಿಂದ ಅವನನ್ನು ರಾಕ್ಷಸ ಮಾಡಿದ್ದಾರೆ. ಇಲ್ಲಿ ಕ್ಯಾಮೆರಾ ಹೋಗಿ ಆ ಹಳ್ಳಿಗನ ಪಕ್ಕದಲ್ಲೇ ಕೂತಿದೆ. ಟಕ್ಕರ್, ಡೇಲ್ ಇಬ್ಬರೂ ಜೀವದ ಗೆಳೆಯರು. ಕಾಡಿನಲ್ಲೊಂದು ಹಳೇ ಮನೆ ಸಿಕ್ಕಿದೆ. ರಿಪೇರಿ ಮಾಡಬೇಕು, ಮೀನು ಹಿಡಿಯಬೇಕು, ಬಿಯರ್ ಕುಡಿಯಬೇಕು. ಬೇರೆ ಆಸೆಯೇ ಇಲ್ಲ. ಗೋಡೆ ತುಂಬ ಕೊಲೆ ಸುದ್ದಿಯ ಪೇಪರ್ ತುಣುಕುಗಳು, ಮೂಳೆಗಳು ನೇತಾಡುತ್ತಿದ್ದರೂ ಇವರಿಗೆ ಅರಮನೆ ಸಿಕ್ಕಷ್ಟು ಸಂತೋಷ.

ಅದೇ ಕಾಡಿಗೆ ಬಂದ ಕಾಲೇಜು ಗುಂಪಿನ ಆಲಿಸನ್ ಅನ್ನುವ ಹುಡುಗಿ ಜಾರಿ ನೀರಿಗೆ ಬೀಳುತ್ತಾಳೆ, ತಲೆಗೆ ಪೆಟ್ಟಾಗುತ್ತದೆ. ಡೇಲ್ ಎತ್ತಿ ದೋಣಿಗೆ ಹಾಕಿಕೊಂಡು, ‘ನಿಮ್ಮ ಗೆಳತಿ ನಮ್ಮ ಹತ್ತಿರ ಇದ್ದಾಳೆ’ ಅಂತ ಕೂಗುತ್ತಾನೆ. ಒಳ್ಳೇ ಮನಸ್ಸಿನಿಂದ ಕೂಗಿದ್ದು. ದಡದಲ್ಲಿದ್ದವರಿಗೆ ಅದು ಅಪಹರಣ. ಅಲ್ಲಿಂದ ಶುರು. ಟಕ್ಕರ್ ಮರ ಕೊಯ್ಯುವಾಗ ಯಂತ್ರದ ಗರಗಸ ಜೇನುಗೂಡಿಗೆ ತಾಗುತ್ತದೆ. ಅವನು ಕಿರುಚುತ್ತಾ, ಓಡುತ್ತಿರುವ ಗರಗಸವನ್ನೇ ಬೀಸುತ್ತಾ ಬರುತ್ತಾನೆ. ನಮಗೆ ಜೇನುನೊಣ ಕಾಣುತ್ತದೆ. ಹುಡುಗರಿಗೆ ಗರಗಸ ಮಾತ್ರ ಕಾಣುತ್ತದೆ. ಒಬ್ಬ ಹೆದರಿ ಓಡಿ ಮುರಿದ ಕೊಂಬೆಗೆ ಚುಚ್ಚಿಕೊಂಡು ಸಾಯುತ್ತಾನೆ. ಹೀಗೆ ಒಬ್ಬೊಬ್ಬರೇ ತಮ್ಮ ಭಯದಿಂದಲೇ ಸಾಯುತ್ತಾರೆ. ಈ ಇಬ್ಬರಿಗೋ, ಪಾಪ, ಬೇರೆಯದೇ ಅನುಮಾನ: ಇವರೆಲ್ಲ ಒಟ್ಟಿಗೆ ಪ್ರಾಣ ಕಳೆದುಕೊಳ್ಳಲೆಂದೇ ಬಂದವರಿರಬೇಕು! ಅಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲರೂ ತಮಗೆ ಕಂಡದ್ದನ್ನೇ ನಂಬಿದ್ದಾರೆ. ಒಂದೇ ಜೋಕ್ ಅಂದುಕೊಂಡಿದ್ದು ಕೊನೆಯವರೆಗೂ ಸವೆಯದಿರುವುದು ಅದಕ್ಕೇ.

2010ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದ್ದ ಈ ಚಿತ್ರ ಅಮೆರಿಕದ ಥಿಯೇಟರ್‌ಗೆ ಬಂದದ್ದು ಮರುವರ್ಷದ ಸೆಪ್ಟೆಂಬರ್ ಕೊನೆಗೆ. ಬಾಗಿಲು ತೆರೆಸಿಕೊಳ್ಳಲು ಸಿನಿಮಾ ಕೂಡ ಡೇಲ್‌ನ ಹಾಗೇ ಕಾಯಬೇಕಾಯಿತು.

ನಾನು ನಿನಗೆ ಹೇಳಬೇಕಿದ್ದದ್ದು ಇನ್ನೊಂದು ದೃಶ್ಯದ ಬಗ್ಗೆ. ಶುರುವಿನಲ್ಲೇ ಬರುತ್ತದೆ. ಹುಡುಗಿಯರನ್ನು ಮಾತಾಡಿಸಲು ಡೇಲ್‌ಗೆ ಆಸೆ, ಜೊತೆಗೆ ಭಯ. ನಗುತ್ತಾ ಹೋಗು ಅಂತ ಟಕ್ಕರ್ ಹುರಿದುಂಬಿಸುತ್ತಾನೆ. ಡೇಲ್ ನಗುತ್ತಾ ಹೋಗುತ್ತಾನೆ. ಕೈಯಲ್ಲಿ ಉದ್ದನೆಯ ಕುಡುಗೋಲು ಇದೆ ಅನ್ನುವುದು ಅವನಿಗೆ ನೆನಪೇ ಇಲ್ಲ. ಅವರು ಹೆದರಿ ಹಿಂದೆ ಸರಿಯುತ್ತಾರೆ. ಎಲ್ಲರೂ ನಗುವ ಜಾಗ ಅದು. ನನಗೆ ನಗು ಬರಲಿಲ್ಲ ಕಣೋ.

ನಾನು ಹೇಗಿದ್ದೇನೆ ಅಂತ ನಿನಗೆ ಗೊತ್ತು. ಆರಡಿ ದೇಹ, ಗಡ್ಡ, ಗಡಸು ದನಿ. ರಾತ್ರಿ ಎದುರಿಗೆ ಹೆಣ್ಣುಮಗಳು ಒಬ್ಬಳೇ ಬರುತ್ತಿದ್ದರೆ ನಾನೇ ರಸ್ತೆಯ ಆ ಬದಿಗೆ ಹೋಗುತ್ತೇನೆ. ಲಿಫ್ಟ್‌ನಲ್ಲಿ ಯಾರಾದರೂ ಒಬ್ಬರೇ ಇದ್ದರೆ ಮುಂದಿನದಕ್ಕೆ ಕಾಯುತ್ತೇನೆ. ಅವರ ಭಯ ತಪ್ಪಲ್ಲ. ನಾನು ಯಾರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆದರೆ ವರ್ಷಗಟ್ಟಲೆ ಹೀಗೆ ಸರಿದು ಸರಿದು, ನನ್ನಲ್ಲೇ ಏನೋ ಹೆದರಬೇಕಾದದ್ದು ಇದೆಯೇನೋ ಅನ್ನಿಸಲು ಶುರುವಾಗಿದೆ. ಡೇಲ್‌ಗೂ ಹಾಗೇ ಆಗಿದೆ. ಕೇಳಿದ್ದೆಲ್ಲ ನೆನಪಿಟ್ಟುಕೊಳ್ಳುವ ಬುದ್ಧಿವಂತ ಅವನು. ಆದರೂ ತಾನು ಯಾರಿಗೂ ಬೇಡದವನು ಅಂತ ನಂಬಿಬಿಟ್ಟಿದ್ದಾನೆ. ನೀನು ಒಳ್ಳೆಯವನು ಕಣೋ ಅಂತ ಅವನಿಗೆ ಮತ್ತೆ ಮತ್ತೆ ನೆನಪಿಸುವವನು ಟಕ್ಕರ್ ಒಬ್ಬನೇ.

ನೀನಿದ್ದಾಗ ಇದೆಲ್ಲ ಹೇಳುವ ಅಗತ್ಯ ಬರಲಿಲ್ಲ. ಯಾರ ಮನೆಗೆ ಹೋದರೂ ನೀನು ಮುಂದೆ ನಿಂತು, ‘ಇವನು ನಮ್ಮ ಹುಡುಗ’ ಅನ್ನುತ್ತಿದ್ದೆ. ಬಾಗಿಲು ತೆರೆಯುತ್ತಿತ್ತು, ಕಾಫಿ ಬರುತ್ತಿತ್ತು. ನೀನು ಡಬ್ಲಿನ್‌ಗೆ ಹೋದ ಮೇಲೆ ಆ ಮಾತು ಹೇಳುವವರು ಇಲ್ಲ. ಹೊಸ ಮನೆಗಳಿಗೆ ಹೋಗುವುದನ್ನೇ ನಾನು ಬಿಟ್ಟಿದ್ದೇನೆ. ಫೋನಿನಲ್ಲಿ ಚೆನ್ನಾಗಿದ್ದೇನೆ ಅಂತ ಹೇಳುತ್ತೇನಲ್ಲ, ಆ ದಿನಗಳಲ್ಲಿ ಜಾಸ್ತಿ ದಿನ ಯಾರ ಜೊತೆಗೂ ಮಾತಾಡಿರುವುದಿಲ್ಲ.

ಸಿನಿಮಾ ಬಗ್ಗೆ ಬರೆಯಲು ಕೂತು ಎಲ್ಲಿಗೋ ಬಂದೆ. ಇರಲಿ, ಅಳಿಸುವುದಿಲ್ಲ.

ಕೊನೆಯ ಗುಟ್ಟು ಹೇಳುವುದಿಲ್ಲ. ಜ್ಯಾಂಗರ್ಸ್ ಅಂತ ಒಂದು ನಾಯಿ ಇದೆ. ಅದಕ್ಕೆ ಏನೂ ಆಗುವುದಿಲ್ಲ, ಧೈರ್ಯವಾಗಿ ನೋಡು. ಮರ ಪುಡಿ ಮಾಡುವ ಯಂತ್ರ ಕಂಡ ತಕ್ಷಣ ಮಾತ್ರ ಕಣ್ಣು ಮುಚ್ಚಿಕೊ, ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ತೆರೆಯಬೇಡ. ಡಿಸೆಂಬರ್‌ನಲ್ಲಿ ಬರುವೆಯಲ್ಲ, ಆಗ ಇನ್ನೊಂದು ಸಲ ಒಟ್ಟಿಗೆ ನೋಡೋಣ.

ನಿನ್ನ,
ದೊಡ್ಡ ಹುಡುಗ