ಪೀಠಕ್ಕೆ ಹಾರ, ರೋಗಿಗೆ ‘ನಾಳೆ ಬಾ’

ಮಾನ್ಯರೇ,

ನಮ್ಮ ರಾಯಚೂರಿನ ಆಸ್ಪತ್ರೆಯ ಎಲುಬು-ಕೀಲು ವಿಭಾಗಕ್ಕೆ ದತ್ತಿ ಪೀಠ, ಅಂದರೆ ದಾನದ ದುಡ್ಡಿನಲ್ಲಿ ನಡೆಯುವ ಪ್ರೊಫೆಸರ್ ಹುದ್ದೆ, ಬಂದ ಸುದ್ದಿ, ಜೊತೆಗೆ ಆ ದೊಡ್ಡ ಫೋಟೊ, ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಅದೇ ಹೊತ್ತಿಗೆ ಒಪಿಡಿ ಹೊರಗೆ ಕೂತಿದ್ದ ನಮ್ಮ ಫೋಟೊ ಯಾರೂ ತೆಗೆಯಲಿಲ್ಲ. ಅವ್ವನ ಕಾಲಿನ ಪ್ಲಾಸ್ಟರ್ ತೆಗೆಸಲು ಬೆಳಿಗ್ಗೆಯೇ ಹೋಗಿದ್ದೆವು. ಚೀಟಿ ಮಾಡಿಸಿದೆ. ಬೆಂಚು ಖಾಲಿ ಇಲ್ಲದೆ ಅವ್ವನನ್ನು ನೆಲದ ಮೇಲೇ ಕೂರಿಸಿದೆ. ಡಾಕ್ಟರ್ ಎಲ್ಲಿ ಅಂದರೆ ‘ಫಂಕ್ಷನ್‌ನಲ್ಲಿದ್ದಾರೆ’. ಪ್ಲಾಸ್ಟರ್ ಕತ್ತರಿಸುವ ಹುಡುಗ? ಅವನೂ ಅಲ್ಲೇ, ಊಟ ಬಡಿಸೋಕೆ! ಮಧ್ಯಾಹ್ನ ‘ನಾಳೆ ಬನ್ನಿ’ ಅಂದರು. ಆ ಬಿಸಿಲಲ್ಲಿ ಆಟೊದವನು ಕೇಳಿದ್ದೇ ರೇಟು. ನನ್ನ ರಜೆಯೂ ಹಾಳಾಯ್ತು.

ಹಳೆ ವಿದ್ಯಾರ್ಥಿಗಳಾದ ಸರ್ಜನ್‌ಗಳು ಗುರುಗಳ ಹೆಸರಲ್ಲಿ ಇಡಗಂಟು ಇಟ್ಟಿದ್ದಾರೆ, ಅದರ ಬಡ್ಡಿಯಲ್ಲಿ ಪ್ರೊಫೆಸರ್ ಖರ್ಚು ನಡೆಯುತ್ತದೆ. ಒಳ್ಳೇದೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ವೇದಿಕೆ ಮೇಲೆ ಯಾರೋ ಇದನ್ನು ಆಕ್ಸ್‌ಫರ್ಡ್‌ಗೆ ಹೋಲಿಸಿದರಂತೆ! ಮಾರಿಸ್ ಕಾರು ಕಂಪನಿಯ ಲಾರ್ಡ್ ನಫೀಲ್ಡ್ ಕೊಟ್ಟ ದುಡ್ಡಿನಲ್ಲಿ ಅಲ್ಲಿ ಪೀಠ ಆಗಿದ್ದು, 1937ರಲ್ಲಿ ಗರ್ಡಲ್‌ಸ್ಟೋನ್ ಎಂಬ ಸರ್ಜನ್ ಮೊದಲ ಪ್ರೊಫೆಸರ್ ಆಗಿದ್ದು ನಿಜ. ಆದರೆ ಆ ಮನುಷ್ಯ 1919ರಲ್ಲೇ ರಾಬರ್ಟ್ ಜೋನ್ಸ್ ಎಂಬ ಇನ್ನೊಬ್ಬ ಎಲುಬಿನ ಸರ್ಜನ್ ಜೊತೆ ಸೇರಿ, ಕೈಕಾಲು ಊನವಾದ ಮಕ್ಕಳಿಗಾಗಿ ಒಂದು ಯೋಜನೆ ಬರೆದಿದ್ದರು. ನಡುವೆ ಎಲುಬಿನ ದೊಡ್ಡಾಸ್ಪತ್ರೆ, ಸುತ್ತಲಿನ ಊರುಗಳಲ್ಲಿ ಅದರ ಕ್ಲಿನಿಕ್‌ಗಳು. ನಮ್ಮಲ್ಲಿ? ಲಿಂಗಸುಗೂರು, ದೇವದುರ್ಗದ ಕಡೆಯಿಂದ ಬಸ್ಸು ಹತ್ತಿ ಬಂದವರೂ ಅವತ್ತು ನಮ್ಮ ಪಕ್ಕದಲ್ಲೇ ಕೂತಿದ್ದರು. ‘ಇದಕ್ಕಿಂತ ಊರಲ್ಲಿ ಎಲುಬು ಕಟ್ಟುವವನೇ ವಾಸಿ’ ಅಂತ ಒಬ್ಬ ಅಜ್ಜ ಎದ್ದೇ ಹೋದ.

ಅಷ್ಟಕ್ಕೂ ಈ ಜಿಲ್ಲೆಯಲ್ಲಿ ಎಲುಬು ಕೆಡುವುದು ಬಿದ್ದು ಮಾತ್ರ ಅಲ್ಲವಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ. ದಾಟಿದ ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ಕುಡಿದು ಬೆನ್ನು ಬಗ್ಗಿಸಲಾಗದವರು, ಮೊಣಕಾಲು ಸೊಟ್ಟಾದವರು ನಮ್ಮ ಹಳ್ಳಿಗಳಲ್ಲಿ ಇಲ್ವಾ? ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದಿದೆ ಅಂತ ನಾನೇ ಅರ್ಜಿ ಕೊಟ್ಟಿದ್ದೆ. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಈಗಲೂ ಅದೇ ಮೀಟಿಂಗ್ ನಡೀತಿರಬೇಕು. ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕು ಅಂತ 2022ರಲ್ಲಿ ಧರಣಿ ಕೂತವರಿಗೆ ಭರವಸೆ ಬಿಟ್ಟು ಏನು ಸಿಕ್ಕಿತು?

ಪೀಠ ಇರಲಿ, ಯಾರು ಬೇಡ ಅಂದರು? ಒಪಿಡಿಯಲ್ಲಿ ಡಾಕ್ಟರೂ ಇರಲಿ. ಸಮಾರಂಭ ಭಾನುವಾರ ಇಟ್ಟುಕೊಳ್ಳಲಿ, ಇಲ್ಲವೇ ಬಾಗಿಲಿಗೆ ಮೊದಲೇ ಒಂದು ಬೋರ್ಡಾದರೂ ಹಾಕಲಿ. ನೀರಿನ ವಿಷಯವನ್ನೂ ನೋಡಲಿ. ಸಂಬಂಧಪಟ್ಟವರು ಕೂಡಲೇ ಏನಾದರೂ ಕ್ರಮ ಕೈಗೊಳ್ಳಬೇಕು. ಸಂಬಂಧಪಟ್ಟವರು ಯಾರು ಅಂತ ಮೊದಲು ಅವರವರೇ ತೀರ್ಮಾನ ಮಾಡಿಕೊಳ್ಳಲಿ.

– ನೊಂದ ಓದುಗ, ರಾಯಚೂರು