ದೀಪಾಲಂಕಾರ ಬೇಕು, ನಂದಿಬೆಟ್ಟದ ಮೇಲೆ ಬೇಡ

ಮಾನ್ಯ ಸಂಪಾದಕರೇ,

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ವಿದೇಶದ ಸಸ್ಯೋದ್ಯಾನಗಳಲ್ಲಿ ರಾತ್ರಿ ಹೊತ್ತು ನಡೆಯುವ ದೀಪಾಲಂಕಾರದ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಲು ಶುರುವಾಗುತ್ತವೆ. ಅದರ ಬೆನ್ನಿಗೇ, ನಮ್ಮ ನಂದಿಬೆಟ್ಟದ ಮೇಲೂ ಇಂಥದ್ದೊಂದು ಏರ್ಪಾಡು ಯಾಕಾಗಬಾರದು ಎಂಬ ಮಾತು ಚಿಕ್ಕಬಳ್ಳಾಪುರದ ಹೋಟೆಲುಗಳಲ್ಲೂ ಬೆಳಗಿನ ವಾಯುವಿಹಾರಿಗಳ ನಡುವೆಯೂ ಕೇಳಿಬರುತ್ತದೆ. ಆ ಆಸೆ ಸಹಜವಾದದ್ದು. ಸಂಜೆಯ ಮೇಲೆ ಮನೆಮಂದಿಯೆಲ್ಲ ಸೇರಿ ಹೋಗಿ ಬರಬಹುದಾದ ಜಾಗಗಳು ನಮ್ಮ ಊರಿನಲ್ಲಿ ಕಡಿಮೆ. ಆದರೆ ಇಂಥ ಪ್ರದರ್ಶನವನ್ನು ಎಲ್ಲಿ ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ಮೊದಲೇ ಯೋಚಿಸದೆ ಕೈಹಾಕಿದರೆ ನೋಡಲು ಹೋದ ಮರಗಿಡಗಳಿಗೇ ಪೆಟ್ಟು ಬೀಳುತ್ತದೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಕ್ಯೂ ಸಸ್ಯೋದ್ಯಾನದ ಚಳಿಗಾಲದ ದೀಪಾಲಂಕಾರವನ್ನು ನೋಡುವ ಅವಕಾಶ ನನಗೆ ಸಿಕ್ಕಿತ್ತು. 2013ರಲ್ಲಿ ಆರಂಭವಾದ ಈ ಪ್ರದರ್ಶನ ಪ್ರತಿವರ್ಷ ನವೆಂಬರ್ ಮಧ್ಯಭಾಗದಿಂದ ಜನವರಿಯ ಮೊದಲ ದಿನಗಳವರೆಗೆ ಸಂಜೆ ಹೊತ್ತಿನಲ್ಲಿ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ಅಲ್ಲಿನ ತಾಳೆಮನೆಯ (ತಾಳೆ ಜಾತಿಯ ಗಿಡಗಳನ್ನು ಬೆಳೆಸುವ ಗಾಜಿನ ಮನೆ) ಮೇಲೆ ಬಣ್ಣ ಬದಲಿಸುತ್ತಾ ಹರಿಯುವ ಬೆಳಕು ಮುಂದಿನ ಕೊಳದಲ್ಲಿ ಪ್ರತಿಬಿಂಬಿಸುವುದನ್ನು ವಿಡಿಯೊದಲ್ಲಿ ಎಲ್ಲರೂ ಕಂಡಿರಬಹುದು. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಅದಲ್ಲ. ದಾರಿಯ ಪಕ್ಕದ ದೊಡ್ಡದೊಂದು ಓಕ್ ಮರ, ಒಂದೂ ಎಲೆಯಿಲ್ಲದೆ ನಿಂತಿತ್ತು. ನೆಲದಲ್ಲಿ ಊರಿದ್ದ ಒಂದು ದೀಪ ಅದರ ಬುಡದಿಂದ ಮೇಲಕ್ಕೆ ಮಂದವಾದ ಹಳದಿ ಬೆಳಕು ಚೆಲ್ಲಿತ್ತು. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯ ತುದಿಯಲ್ಲಿ ಮುಂದಿನ ವಸಂತಕ್ಕೆಂದು ಬಿಗಿಯಾಗಿ ಮುಚ್ಚಿಕೊಂಡ ಕಂದುಬಣ್ಣದ ಮೊಗ್ಗು, ತೊಗಟೆಯ ಬಿರುಕುಗಳಲ್ಲಿ ಹಬ್ಬಿದ ಕಲ್ಲುಹೂವು, ಎಲ್ಲವೂ ಒಂದೊಂದಾಗಿ ಕಾಣುತ್ತಿದ್ದವು. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಮರದ ಕವಲುಗಳನ್ನು ಬಿಡಿಸಿ ಪಾಠ ಹೇಳಿದ ನನ್ನಂಥವನಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ. ಲಾಲ್‌ಬಾಗಿಗೆ ಇಂದಿನ ರೂಪ ಕೊಟ್ಟವರಲ್ಲಿ ಮುಖ್ಯರಾದ ಕೃಂಬಿಗಲ್ ಅವರು ಭಾರತಕ್ಕೆ ಬರುವ ಮುಂಚೆ ಕೆಲಸ ಮಾಡಿದ್ದು ಇದೇ ಕ್ಯೂನಲ್ಲಿ ಎಂಬುದನ್ನು ಅಲ್ಲಿ ನಿಂತು ನೆನೆದೆ.

ವಿಡಿಯೊಗಳಲ್ಲಿ ಕಾಣದ ಕೆಲವು ಸಂಗತಿಗಳಿವೆ. ಆ ಉದ್ಯಾನ ಮುನ್ನೂರು ಎಕರೆಗೂ ಮೀರಿದ್ದು. ದೀಪ ಹಚ್ಚುವುದು ಸುಮಾರು ಮೂರು ಕಿಲೋಮೀಟರ್ ಉದ್ದದ ಒಂದು ದಾರಿಯ ಆಸುಪಾಸಿನಲ್ಲಿ ಮಾತ್ರ, ಉಳಿದ ಬಹುಭಾಗ ಕತ್ತಲೆಯಲ್ಲೇ ಇರುತ್ತದೆ. ಒಳಗೆ ಹೋಗಲು ಟಿಕೆಟಿನಲ್ಲಿ ಸಮಯ ನಿಗದಿಯಾಗಿರುತ್ತದೆ, ಜನ ಒಂದೇ ದಿಕ್ಕಿನಲ್ಲಿ ನಡೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಬಹುಪಾಲು ಮರಗಳು ಎಲೆಯುದುರಿಸಿ ಸುಪ್ತಾವಸ್ಥೆಯಲ್ಲಿರುತ್ತವೆ, ಕೀಟಗಳ ಓಡಾಟವೂ ಬಹುತೇಕ ನಿಂತಿರುತ್ತದೆ. ನಿದ್ದೆಯಲ್ಲಿರುವ ತೋಟಕ್ಕೆ ಅವರು ದೀಪ ಹಚ್ಚುತ್ತಾರೆ. ನಮ್ಮ ಚಳಿಗಾಲದಲ್ಲಿ ತೋಟಗಳು ನಿದ್ದೆ ಹೋಗುವುದಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಹೊಂಗೆ, ಮಾವು, ಅರಳಿ ಎಲೆ ಹೊತ್ತೇ ನಿಂತಿರುತ್ತವೆ. ಆಕಾಶಮಲ್ಲಿಗೆ ರಾತ್ರಿ ಅರಳಿ, ತನ್ನ ಉದ್ದನೆಯ ಕೊಳವೆಯ ತಳದಲ್ಲಿರುವ ಮಕರಂದಕ್ಕೆ ಕತ್ತಲಲ್ಲಿ ಬರುವ ಪತಂಗಗಳನ್ನು ಕಾಯುತ್ತದೆ. ಪ್ರಖರವಾದ ಬಿಳಿ ದೀಪ ಹತ್ತಿರವಿದ್ದರೆ ಆ ಪತಂಗಗಳು ಹೂವನ್ನು ಬಿಟ್ಟು ದೀಪವನ್ನೇ ಸುತ್ತುತ್ತವೆ.

ಕತ್ತಲೆಯ ಬೆಲೆ ಏನೆಂದು ತಿಳಿಯಲು ನಮ್ಮ ಜಿಲ್ಲೆಯ ಜನ ಲಂಡನ್ನಿಗೆ ಹೋಗಬೇಕಾಗಿಲ್ಲ. ರಾತ್ರಿ ಹೊತ್ತು ಹಳ್ಳಿಗಳ ಕಡೆ ಹೋದರೆ, ಜಾತ್ರೆಯ ಬಯಲಿನ ಹಾಗೆ ಬಲ್ಬುಗಳಿಂದ ಬೆಳಗುವ ಸೇವಂತಿಗೆ ಹೊಲಗಳು ಕಣ್ಣಿಗೆ ಬೀಳುತ್ತವೆ. ಹೊಸಬರು ಗಾಡಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಅಲಂಕಾರಕ್ಕೆಂದೇ ಭಾವಿಸುವವರೂ ಉಂಟು. ಸೇವಂತಿಗೆಯು ಹಗಲು ಕಿರಿದಾಗಿ ರಾತ್ರಿ ಹಿರಿದಾದಾಗ ಮೊಗ್ಗು ಕಟ್ಟುವ ಗಿಡ. ನಾಟಿ ಮಾಡಿದ ಮೊದಲ ವಾರಗಳಲ್ಲಿ ಗಿಡ ಎತ್ತರಕ್ಕೆ ಬೆಳೆಯಲಿ, ಅವಸರವಾಗಿ ಮೊಗ್ಗಿಗೆ ತಿರುಗದಿರಲಿ ಎಂದು ರೈತರು ಸಾಲುಗಳ ಮೇಲೆ ವೈರ್ ಎಳೆದು, ಬಲ್ಬು ತೂಗುಬಿಟ್ಟು, ರಾತ್ರಿ ಕೆಲವು ಗಂಟೆ ಉರಿಸುತ್ತಾರೆ. ಗಿಡ ಬೇಕಾದಷ್ಟು ಬೆಳೆದ ಮೇಲೆ ದೀಪ ಆರಿಸುತ್ತಾರೆ, ಆಮೇಲೆ ಮೊಗ್ಗು ಮೂಡುತ್ತದೆ. ಹಗಲು ರಾತ್ರಿಗಳ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ಈ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕನ್ನು ಗುರುತಿಸುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಉರಿದರೂ ಗಿಡದ ಲೆಕ್ಕದಲ್ಲಿ ಒಂದು ದೀರ್ಘ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿಬಿಡುತ್ತದೆ. ಗುಲಾಬಿಯಂಥ ಗಿಡಗಳಿಗೆ ಹಗಲಿನ ಉದ್ದದ ಹಂಗಿಲ್ಲ ನಿಜ. ಆದರೆ ಹೊಲದಲ್ಲಿ ತೂಗುವ ಸಾಮಾನ್ಯ ಬಲ್ಬಿನ ಬೆಳಕೇ ಒಂದು ಬೆಳೆಯ ಹೂವನ್ನು ವಾರಗಟ್ಟಲೆ ತಡೆದು ನಿಲ್ಲಿಸಬಲ್ಲದು ಎಂದಮೇಲೆ, ತಿಂಗಳುಗಟ್ಟಲೆ ಬೆಳಗಿನವರೆಗೆ ಮರಕ್ಕೆ ಫ್ಲಡ್‌ಲೈಟ್ ಹಾಕುವ ಮುನ್ನ ನಮ್ಮ ಕೈ ತಡೆಯಬೇಕು.

ನಂದಿಬೆಟ್ಟದ ವಿಷಯದಲ್ಲಂತೂ ಈ ಮಾತು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ಆ ಬೆಟ್ಟದ ನೆತ್ತಿಯ ಮೇಲಿನ ತಂಪಾದ ಕಾಡು ಸುತ್ತಲಿನ ಒಣ ಬಯಲಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಪಶ್ಚಿಮಘಟ್ಟದ ಹಕ್ಕಿಯಾದ ನೀಲಗಿರಿ ಕಾಡುಪಾರಿವಾಳ ಅಷ್ಟು ದೂರದ ಈ ಬೆಟ್ಟದಲ್ಲೂ ನೆಲೆಸಿದೆ. ಹಿಮಾಲಯದ ಇಳಿಜಾರುಗಳಲ್ಲಿ ಮರಿ ಮಾಡಿದ ಸಣ್ಣ ಹಕ್ಕಿಗಳು ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ, ಅವನ್ನು ನೋಡಲೆಂದೇ ದೂರದೂರಿನಿಂದ ಪಕ್ಷಿಪ್ರಿಯರು ಕ್ಯಾಮೆರಾ ಹೊತ್ತು ಬರುತ್ತಾರೆ. ದೀಪೋತ್ಸವಕ್ಕೆ ಎಲ್ಲರೂ ಬಯಸುವ ತಿಂಗಳುಗಳೂ ಹಕ್ಕಿಗಳು ಬಂದು ತಂಗುವ ತಿಂಗಳುಗಳೂ ಒಂದೇ ಆಗಿವೆ. ವಾರಾಂತ್ಯದ ಮುಂಜಾವಿನಲ್ಲೇ ವಾಹನಗಳ ಸಾಲು ತಿರುವಿನಿಂದ ತಿರುವಿಗೆ ನಿಲ್ಲುವ ಆ ರಸ್ತೆಯಲ್ಲಿ, ಮಂಜು ಕವಿದ ರಾತ್ರಿ ಮಕ್ಕಳು ಮುದುಕರನ್ನು ಕರೆದುಕೊಂಡು ಸಾವಿರಾರು ಜನ ಇಳಿಯುವುದನ್ನು ಯೋಚಿಸಿದರೂ ಭಯವಾಗುತ್ತದೆ. ಈಗ ದಿನದ ಪ್ರವಾಸಿಗರನ್ನು ಸಂಜೆಗೇ ಕೆಳಗೆ ಕಳುಹಿಸುವ ಪದ್ಧತಿಯಿದೆ. ಅದು ಹಾಗೆಯೇ ಮುಂದುವರಿಯಲಿ.

ನೋವಿನಿಂದಲೇ ಇನ್ನೊಂದು ಮಾತು ಬರೆಯುತ್ತೇನೆ. ನಾನು ದಿನವೂ ಹಾದುಹೋಗುವ ಒಂದು ಉದ್ಯಾನದಲ್ಲಿ ಹಿಂದೆ ಯಾವುದೋ ಸಮಾರಂಭಕ್ಕೆ ಸುತ್ತಿದ ಸೀರಿಯಲ್ ಸೆಟ್ಟನ್ನು ಬಿಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. ಅಲ್ಲಿನ ಎಳೆಯ ಹೊಂಗೆಯ ಕಾಂಡ ದಪ್ಪವಾಗುತ್ತಾ ಬಂದಂತೆ ವೈರು ತೊಗಟೆಯೊಳಗೆ ಹೂತುಹೋಗಿ, ಅದರ ಮೇಲ್ಭಾಗ ಉಬ್ಬಿಕೊಂಡು, ಸುತ್ತ ಉಂಗುರದಂತೆ ಗಾಯ ಮೂಡಿದೆ. ಪಕ್ಕದ ಮರಕ್ಕೆ ಬಲ್ಬು ಕಟ್ಟಲು ಹೊಡೆದ ಮೊಳೆಗಳು ತುಕ್ಕು ಹಿಡಿದು ಅಲ್ಲೇ ಇವೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಆ ದಾರಿ ಸುತ್ತಲೂ ಕಡಿದುಹೋದರೆ ಮರ ನಿಧಾನವಾಗಿ ಒಣಗುತ್ತದೆ.

ಹಾಗಾದರೆ ದೀಪಾಲಂಕಾರವೇ ಬೇಡವೆ? ಬೇಕು ಎಂದೇ ನನ್ನ ಅಭಿಪ್ರಾಯ. ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆಯ ಮೇಲಿನ ಬೆಳಕಿನ ಪ್ರದರ್ಶನಕ್ಕೆ ಸೇರುವ ಜನರನ್ನು ಕಂಡವರಿಗೆ, ಸಂಜೆ ಹೊರಡಲು ನಮ್ಮವರಿಗೆ ಎಷ್ಟು ಹುಮ್ಮಸ್ಸಿದೆ ಎಂಬುದು ಗೊತ್ತು. ಮೈಸೂರು ಅರಮನೆಯ ಸಾವಿರಾರು ಬಲ್ಬುಗಳು ಗೋಡೆ ಕಮಾನುಗಳ ಮೇಲಿವೆ, ಬೃಂದಾವನದ ಬಣ್ಣ ಕಾರಂಜಿಯ ನೀರಿನ ಮೇಲೆ ಬೀಳುತ್ತದೆ. ಕಲ್ಲಿಗೂ ನೀರಿಗೂ ಬೆಳಕು ತೊಡಿಸುವ ಈ ಕ್ರಮ ನಮ್ಮದೇ. ಜಿಲ್ಲಾ ಕೇಂದ್ರದ ಸಮತಟ್ಟಾದ ಒಂದು ಉದ್ಯಾನದಲ್ಲಿ, ಫಲಪುಷ್ಪ ಪ್ರದರ್ಶನದ ದಿನಗಳಿಗೆ ಹೊಂದಿಸಿಕೊಂಡು, ಒಂದೇ ಕಾಲುದಾರಿಯ ಇಕ್ಕೆಲಗಳಲ್ಲಿ ನೆಲಮಟ್ಟದ ಮಂದ ಹಳದಿ ದೀಪಗಳನ್ನಿಟ್ಟು, ರಾತ್ರಿ ಒಂಬತ್ತಕ್ಕೆ ಎಲ್ಲವನ್ನೂ ಆರಿಸುವುದಾದರೆ ಯಾರ ತಕರಾರೂ ಇರಲಾರದು. ಬಿಳಿ, ನೀಲಿ ದೀಪಗಳಿಗೆ ಮುತ್ತುವಷ್ಟು ಹುಳುಗಳು ಹಳದಿ ದೀಪಕ್ಕೆ ಮುತ್ತುವುದಿಲ್ಲ. ಗಾಲಿಕುರ್ಚಿ ಸಾಗುವಂಥ ದಾರಿ, ಶೌಚಾಲಯ, ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿಗಳ ಕಡೆಯಿಂದ ಬರುವವರಿಗೆ ಮರಳಲು ಬಸ್ಸು, ಇಷ್ಟಾದರೂ ಇರಬೇಕು.

ತೋಟಗಾರಿಕೆ ಇಲಾಖೆ, ನಗರಸಭೆ ಮತ್ತು ಜಿಲ್ಲಾಡಳಿತ ದೀಪಾಲಂಕಾರದ ಟೆಂಡರ್ ಕರೆಯುವಾಗ, ಮರಕ್ಕೆ ಮೊಳೆ ಹೊಡೆಯಕೂಡದು, ಕಾಂಡಕ್ಕೆ ವೈರು ಬಿಗಿಯಕೂಡದು, ಕಾರ್ಯಕ್ರಮ ಮುಗಿದ ವಾರದೊಳಗೆ ಎಲ್ಲವನ್ನೂ ತೆರವು ಮಾಡಿ ಅಧಿಕಾರಿಗಳಿಗೆ ತೋರಿಸಿದ ನಂತರವೇ ಬಿಲ್ ಪಾವತಿ ಎಂಬ ಷರತ್ತುಗಳನ್ನು ಬರವಣಿಗೆಯಲ್ಲಿ ಸೇರಿಸಬೇಕೆಂದು ಒತ್ತಾಯಿಸುತ್ತೇನೆ. ಕಾಲೇಜುಗಳ ಸಸ್ಯಶಾಸ್ತ್ರ ವಿದ್ಯಾರ್ಥಿಗಳನ್ನು ದಾರಿಯುದ್ದಕ್ಕೂ ನಿಲ್ಲಿಸಿ, ದೀಪ ಬಿದ್ದ ಮರ ಯಾವುದು, ಅದು ಯಾವಾಗ ಹೂ ಬಿಡುತ್ತದೆ ಎಂದು ಬಂದವರಿಗೆ ವಿವರಿಸುವ ಹೊಣೆ ವಹಿಸಿದರೆ, ಅವರಿಗೆ ತರಬೇತಿ ಕೊಡಲು ನನ್ನಂಥ ನಿವೃತ್ತರು ಸಂಭಾವನೆಯಿಲ್ಲದೆ ಬರಲು ಸಿದ್ಧರಿದ್ದೇವೆ.

ಇಂತಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ,
ಚಿಕ್ಕಬಳ್ಳಾಪುರ