ಹದಿನೇಳು ಅಂತ್ಯ ಯಾಕೆ ಬೇಕು?

ಪ್ರೀತಿಯ ತಂಗಿ,

ನಿನ್ನ ಹಾರರ್ ಗೇಮ್‌ನ ಸ್ಕ್ರಿಪ್ಟ್ ಎರಡು ಸಲ ಓದಿದೆ. ಬಾವಿಯ ಸೀನ್‌ನಲ್ಲಿ ನಿಜವಾಗಲೂ ಬೆಚ್ಚಿಬಿದ್ದೆ. ಆದರೆ "ಒಟ್ಟು 17 ಅಂತ್ಯಗಳಿವೆ" ಅಂತ ಹೆಮ್ಮೆಯಿಂದ ಬರೆದಿದ್ದೀಯಲ್ಲ, ಅಲ್ಲಿ ಸ್ವಲ್ಪ ಅನುಮಾನ ಬಂತು.

'ಅಂಟಿಲ್ ಡಾನ್' ಆಡಿದ್ದೀಯಾ? ಸೂಪರ್‌ಮ್ಯಾಸಿವ್ ಗೇಮ್ಸ್‌ನವರು 2015ರಲ್ಲಿ ತಂದ ಹಾರರ್ ಗೇಮ್. ಹಿಮ ಬಿದ್ದ ಬೆಟ್ಟದ ಮೇಲೊಂದು ಮನೆ, ಒಂದೇ ರಾತ್ರಿ, ನಾವು ಆಡಿಸುವ ಎಂಟು ಪಾತ್ರಗಳು. ನಮ್ಮ ಆಯ್ಕೆಗಳಿಂದ ಯಾರು ಸತ್ತರೂ ಕತೆ ನಿಲ್ಲುವುದಿಲ್ಲ. ಎಂಟು ಜನ ಅಂದರೆ ಬರೀ ಕಾಗದದ ಲೆಕ್ಕದಲ್ಲೇ ಸಾವು-ಬದುಕಿನ 256 ಜೋಡಣೆ. ಅಷ್ಟನ್ನೂ ಬೇರೆ ಬೇರೆಯಾಗಿ ಬರೆಯೋಕೆ ಯಾರಿಂದಲೂ ಆಗದು. ಹಾಗಾಗಿ ಕವಲೊಡೆದ ದಾರಿಗಳು ಮತ್ತೆ ಮತ್ತೆ ಒಂದಾಗುತ್ತವೆ. ಅದು ಮೋಸ ಅಲ್ಲ, ಕಸುಬು.

ಆ ಗೇಮ್‌ನಲ್ಲಿ ಒಂದು ಗರಗಸದ ಸೀನ್ ಇದೆ. ಜೋಶ್, ಆಶ್ಲಿ ಇಬ್ಬರನ್ನೂ ಕಟ್ಟಿಹಾಕಿದ್ದಾರೆ. ಒಬ್ಬರನ್ನು ಮಾತ್ರ ಉಳಿಸಬಹುದು ಅಂತ ಅವರ ಗೆಳೆಯ ಕ್ರಿಸ್‌ಗೆ ಹೇಳುತ್ತಾರೆ. ನೀನು ಯಾರನ್ನು ಆರಿಸಿದರೂ ಗರಗಸ ಹೋಗುವುದು ಜೋಶ್ ಕಡೆಗೇ! ಸುಳ್ಳು ಆಯ್ಕೆ ಅಲ್ವಾ? ಆದರೆ ಆ ನಾಟಕ ಹೂಡಿದವನೇ ಜೋಶ್ ಅಂತ ಆಮೇಲೆ ತಿಳಿಯುತ್ತದೆ. ಸುಳ್ಳಿಗೆ ಕತೆಯೊಳಗೇ ಒಬ್ಬ ಯಜಮಾನ ಇದ್ದಾನೆ, ಹಾಗಾಗಿ ಬರೆದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಿನ್ನ ಮೂರನೇ ಅಧ್ಯಾಯದಲ್ಲಿ ಎರಡು ಬಾಗಿಲೂ ಒಂದೇ ಕೋಣೆಗೆ ಹೋಗುತ್ತವೆ. ಅಲ್ಲಿ ಸುಳ್ಳು ಹೇಳುತ್ತಿರುವುದು ನೀನೇ.

ಮುಂದೆ ಇನ್ನೊಂದು ಸೀನ್. ಕ್ರಿಸ್ ಕೈಗೆಟಕುವಷ್ಟು ಹತ್ತಿರದಲ್ಲಿ ಪಿಸ್ತೂಲು, ಎದುರಿಗೆ ಆಶ್ಲಿ. ಅವಳಿಗೆ ಹೊಡೆಯಬೇಕು, ಇಲ್ಲ ತನಗೇ ಹೊಡೆದುಕೊಳ್ಳಬೇಕು. ಅವಳಿಗೆ ಹೊಡೆದೆ ಅಂದುಕೋ. ಪಿಸ್ತೂಲಿನಲ್ಲಿ ಗುಂಡೇ ಇರುವುದಿಲ್ಲ, ಬರೀ ಸದ್ದು. ಅಬ್ಬಾ, ಬಚಾವಾದೆವು ಅನ್ನಿಸುತ್ತದೆ. ಎಷ್ಟೋ ಹೊತ್ತಾದ ಮೇಲೆ ಕ್ರಿಸ್ ದೆವ್ವದಂಥ ಪ್ರಾಣಿಯಿಂದ ತಪ್ಪಿಸಿಕೊಂಡು ಓಡಿ ಬಂದು ಬಾಗಿಲು ಬಡಿಯುತ್ತಾನೆ. ಒಳಗಿರುವವಳು ಆಶ್ಲಿ. ಅವಳು ಬಾಗಿಲು ತೆಗೆಯುವುದಿಲ್ಲ. ಸುಮ್ನೆ ನಿಂತು ನೋಡುತ್ತಾಳೆ.

ಆ ಸೀನ್ ನೋಡಿ ಕಂಟ್ರೋಲರ್ ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದೆ. ರಾಕ್ಷಸನ ಭಯಕ್ಕಲ್ಲ. ನಾನು ಮರೆತದ್ದನ್ನು ಅವಳು ಮರೆತಿರಲಿಲ್ಲ. ಅದಕ್ಕೆ ಹೊಸ ಅಂತ್ಯವೇನೂ ಬೇಕಾಗಲಿಲ್ಲ, ಒಂದು ನೆನಪು ಸಾಕಾಯಿತು. ಆಯ್ಕೆಗೂ ಅದರ ಫಲಕ್ಕೂ ನಡುವೆ ಇದ್ದ ದೂರವೇ ಜಾಸ್ತಿ ಕೆಲಸ ಮಾಡಿತು.

ಅಂದಹಾಗೆ, ಏನೂ ಮಾಡದಿರುವುದೂ ಒಂದು ಆಯ್ಕೆ. ಅದೇ ಗೇಮ್‌ನಲ್ಲಿ ಕೆಲವು ಕಡೆ ಕಂಟ್ರೋಲರ್ ಅಲುಗಾಡಿಸದೆ ಹಿಡಿದಿರಬೇಕು. ಕೈ ನಡುಗಿದರೆ ಅದಕ್ಕೆ ಗೊತ್ತಾಗಿಬಿಡುತ್ತದೆ. ನಾನಂತೂ ಉಸಿರೇ ಬಿಟ್ಟಿರಲಿಲ್ಲ.

ಈಗ ನಿನ್ನ ಸ್ಕ್ರಿಪ್ಟ್‌ಗೆ ಬರೋಣ. ಅಕ್ಕ ತಮ್ಮನ ಕೈ ಬಿಟ್ಟು ಓಡಬಹುದು ಅಂತ ಬರೆದಿದ್ದೀಯ. ಮೂರೇ ಪುಟ ಕಳೆದ ಮೇಲೆ ಅವನು ಸಿಕ್ಕಿ, ಏನೂ ಆಗಿಲ್ಲವೆಂಬಂತೆ "ಅಕ್ಕಾ" ಅಂತಾನೆ! ಯಾವ ಹುಡುಗ ಹಾಗೆ ಮಾಡುತ್ತಾನೆ? 17 ಅಂತ್ಯಗಳಲ್ಲಿ ಹದಿಮೂರನ್ನು ತೆಗೆದುಹಾಕು. ಬಾವಿಯ ಸೀನ್ ಕೊನೆಯಲ್ಲಿ ಅಕ್ಕ ಕೆಳಗಿದ್ದಾಳೆ, ಹಗ್ಗ ತಮ್ಮನ ಕೈಯಲ್ಲಿದೆ. ಅದನ್ನು ಎರಡು ಥರ ಬರೆದು ಕಳಿಸು.

ಇಂತಿ,
ನಿನ್ನ ಅಣ್ಣ